ಬೋರಲಿಟ್ಟ ಲೋಟ

ಹಳಸಿದ್ದನ್ನು ನಾಲಗೆಗಿಂತ ಮೊದಲು ಮೂಗು ಅರಿಯುತ್ತದೆ ಎಂಬುದು ಅವನ ತಾಯಿಯ ಮಾತು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿಯಾಗಿ ಆಯುಷ್ಯ ಸವೆಸಿದವಳು ಆಕೆ. ಮಡಿಸಿಟ್ಟ ಹೊದಿಕೆಗಳ ಸಾಲಿನ ಮುಂದೆ ಸುಮ್ಮನೆ ನಡೆದುಹೋದರೆ ಸಾಕು, ಯಾವುದು ಪೂರ್ತಿ ಒಣಗಿಲ್ಲವೆಂದು ಬೆರಳಿಟ್ಟು ತೋರಿಸುತ್ತಿದ್ದಳು. ತಾಯಿಯಿಂದ ಮಗನಿಗೆ ಬಂದ ಆಸ್ತಿಯೆಂದರೆ ಆ ಮೂಗು ಒಂದೇ. ತಾಯಿ ಬಟ್ಟೆಯನ್ನು ಮೂಸಿದಳು, ಮಗ ಕಂಪ್ಯೂಟರ್ ಕೋಡನ್ನು ಮೂಸಿದ, ಅಷ್ಟೇ ವ್ಯತ್ಯಾಸ.

ಅವನ ಕಸುಬು ಮೊಬೈಲ್ ಆ್ಯಪ್ ಒಂದರ ಒಳಗನ್ನು ಬರೆಯುವುದು. ಮನೆಯಲ್ಲಿ ಮಲಗಿದ ರೋಗಿಗಳಿಗೆ ಹೊತ್ತುಹೊತ್ತಿಗೆ ಮಾತ್ರೆ ಕೊಡುವವರಿಗಾಗಿ ಇದ್ದ ಆ್ಯಪ್ ಅದು. ಮಾತ್ರೆ ಕೊಟ್ಟ ಕೂಡಲೇ ಪರದೆಯ ಮೇಲಿನ ‘ಕೊಟ್ಟಾಯಿತು’ ಗುಂಡಿಯನ್ನು ಒತ್ತಬೇಕು. ಹಸಿರು ಗುರುತು ಬೀಳುತ್ತದೆ, ಮುಂದಿನ ಹೊತ್ತಿನ ಗಂಟೆ ತಾನಾಗಿ ನಿಗದಿಯಾಗುತ್ತದೆ. ಒಂದೇ ಮನೆಯ ಇಬ್ಬರು ಸರದಿಯಲ್ಲಿ ನೋಡಿಕೊಳ್ಳುವಾಗ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ತಿಳಿಯಲಿ ಎಂಬುದೇ ಅದರ ಪ್ರಯೋಜನ.

ಸಹೋದ್ಯೋಗಿಗಳು ಬೆನ್ನ ಹಿಂದೆ ಅವನನ್ನು ‘ಮೂಗಣ್ಣ’ ಎನ್ನುತ್ತಿದ್ದರು. ಬೇರೆಯವರು ಬರೆದ ಕೋಡನ್ನು ತೆರೆದಾಗಲೆಲ್ಲ ಅವನ ಹೊಳ್ಳೆಗಳು ಅರಳಿ, ಮೇಲ್ದುಟಿ ಎಡಕ್ಕೆ ಸೊಟ್ಟಗಾಗಿ, ಕೊಳೆತ ಸೊಪ್ಪಿನ ಕಟ್ಟು ಬಿಚ್ಚಿದವನ ಮುಖವಾಗುತ್ತಿತ್ತು. ಆ ಮುಖ ಅಭಿನಯವಲ್ಲ. ಅವನಿಗೆ ನಿಜವಾಗಿಯೂ ವಾಸನೆ ಬರುತ್ತಿತ್ತು. ಒಂದೊಂದು ಕೆಲಸಕ್ಕೆ ಒಂದೊಂದರಂತೆ ಬರೆದ, ಹೆಸರಿಗೂ ಕೆಲಸಕ್ಕೂ ಸಂಬಂಧವಿಲ್ಲದ ಫಂಕ್ಷನ್ ಎಂಬ ತುಣುಕುಗಳು. ಯಾರೋ ನಕಲು ಮಾಡಿ ಅಂಟಿಸಿ, ಅಂಚು ಕೂಡ ಒರೆಸದೆ ಬಿಟ್ಟುಹೋದ ಸಾಲುಗಳು. ತೊಳೆಯದ ಪಾತ್ರೆಯ ಮೇಲೆ ಇನ್ನೊಂದು ತೊಳೆಯದ ಪಾತ್ರೆ ಇಟ್ಟಂಥ ತೇಪೆಗಳು. ಊಟದ ಬಿಡುವಿನಲ್ಲಿ ಅವನು ಕೈಯನ್ನು ಎರಡೆರಡು ಸಲ ತೊಳೆಯುತ್ತಿದ್ದ. ಕೀಲಿಮಣೆಯಿಂದ ಕೊಳೆ ಹತ್ತುತ್ತದೆಂಬಂತೆ.

ಎಲ್ಲಕ್ಕಿಂತ ಹೆಚ್ಚು ನಾರುತ್ತಿದ್ದದ್ದು ಡೇಟಾಬೇಸ್‌ಗೆ ಬರೆಯುವ ಭಾಗ. ದಾಖಲೆಗಳೆಲ್ಲ ಇರುವ ಡೇಟಾಬೇಸ್ ಎಂಬ ಕೋಣೆಗೆ ಬರೆಯಲೆಂದು ಹೋಗುವ ಬಾಗಿಲು ಒಂದೇ. ಒಬ್ಬ ಒಳಹೊಕ್ಕು ಬರೆಯುತ್ತಿದ್ದರೆ ಮಿಕ್ಕವರು ಹೊಸ್ತಿಲಾಚೆ ಕಾಯಬೇಕು. ಒಳಗಿದ್ದವನು ತನ್ನ ಕೆಲಸವೆಲ್ಲ ಮುಗಿಸಿ ಬಾಗಿಲೆಳೆದುಕೊಂಡು ಹೊರಬಂದರೆ ಬರೆದದ್ದೆಲ್ಲ ಒಟ್ಟಿಗೆ ಊರಿ ನಿಲ್ಲುತ್ತದೆ. ನಡುವೆ ಕುಸಿದು ಬಿದ್ದರೆ ಬರೆದದ್ದೆಲ್ಲ ಒಟ್ಟಿಗೆ ಅಳಿದು, ಏನೂ ನಡೆದೇ ಇಲ್ಲವೆಂಬಂತೆ ಕೋಣೆ ಮೊದಲಿನ ಹಾಗೇ ಉಳಿಯುತ್ತದೆ. ಇಂಥ ಒಂದು ಒಳಹೋಗಿ ಹೊರಬರುವಿಕೆಗೆ ಆ ಕಸುಬಿನವರು ಟ್ರಾನ್ಸಾಕ್ಷನ್ ಎನ್ನುತ್ತಾರೆ. ಅರ್ಧವೆಂಬುದು ಅಲ್ಲಿ ಇರಬಾರದು. ಮನುಷ್ಯ ಮಾಡಿಕೊಂಡ ಏರ್ಪಾಟುಗಳಲ್ಲಿ ಇಷ್ಟು ನಿರ್ಮಲವಾದದ್ದು ಇನ್ನೊಂದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು.

ಆದರೆ ಈ ಆ್ಯಪ್‌ನಲ್ಲಿ ಪ್ರತಿಯೊಂದು ಫಂಕ್ಷನ್ ಕೂಡ ಆ ಬಾಗಿಲನ್ನು ತಾನೇ ತೆರೆಯುತ್ತಿತ್ತು. ಮಾತ್ರೆ ಕೊಟ್ಟ ಗುರುತು ಹಾಕುವುದು ಒಂದು ಫಂಕ್ಷನ್, ಮುಂದಿನ ಗಂಟೆ ನಿಗದಿ ಮಾಡುವುದು ಇನ್ನೊಂದು. ಮೊದಲನೆಯದು ಒಳಗಿರುವಾಗಲೇ ಎರಡನೆಯದನ್ನು ಕರೆದರೆ, ಅದು ಬಾಗಿಲ ಹೊರಗೆ ಕಾಯುತ್ತ ನಿಲ್ಲುತ್ತದೆ, ಮೊದಲನೆಯದು ಒಳಗೆ ಅದರ ದಾರಿ ನೋಡುತ್ತ ಕೂರುತ್ತದೆ, ಆ್ಯಪ್ ಕಲ್ಲಾಗುತ್ತದೆ. ಇದನ್ನು ತಪ್ಪಿಸಲು ಹಿಂದೆ ಯಾರೋ ಪುಣ್ಯಾತ್ಮ ಸುಲಭದ ಹಾದಿ ಹಿಡಿದಿದ್ದ. ಗುರುತು ಬರೆದು ಬಾಗಿಲು ಮುಚ್ಚು. ಆಮೇಲೆ ಇನ್ನೊಮ್ಮೆ ಬಾಗಿಲು ತೆರೆದು ಗಂಟೆಯನ್ನು ಬರೆ. ಎರಡರ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ಆ್ಯಪ್ ಸತ್ತರೆ, ಗುರುತು ಉಂಟು, ಗಂಟೆ ಇಲ್ಲ.

ಇಂಥ ಅರೆಬರೆ ಬರಹ ಪರದೆಯ ಮೇಲೆ ಕಾಣುತ್ತಿದ್ದದ್ದು ಹೀಗೆ: ಹಸಿರು ಗುರುತಿನ ಪಕ್ಕದಲ್ಲಿ, ಮುಂದಿನ ಹೊತ್ತು ಇರಬೇಕಾದಲ್ಲಿ, ಒಂದು ಬರಿ ಗೀಟು. ಅದನ್ನು ಮೊದಲು ಕಂಡವಳು ಕಚೇರಿಯ ಪರೀಕ್ಷಕಿ. ಆ್ಯಪ್ ಬಳಕೆದಾರರ ಕೈಗೆ ಹೋಗುವ ಮುನ್ನ ಅದನ್ನು ಹಿಂಡಿ ಹಿಪ್ಪೆ ಮಾಡಿ ನೋಡುವುದು ಅವಳ ಕೆಲಸ. ಮಾತು ಕಡ್ಡಿ ತುಂಡುಮಾಡಿದ ಹಾಗೆ. ಅದಕ್ಕೇ ಅವಳ ಅಡ್ಡಹೆಸರು ‘ಕಡ್ಡಿ’. ಆ ಗೀಟನ್ನು ನೋಡಿದಾಗ ಅವನಿಗೆ ಊಟದ ತಟ್ಟೆಯಲ್ಲಿ ಕೂದಲು ಕಂಡಂತಾಯಿತು. ಬಾಗಿಲು ತೆರೆಯುವ ಕ್ರಮವನ್ನೇ ಸರಿಪಡಿಸುವುದಾದರೆ ಅಡಿಪಾಯ ಅಗೆಯಬೇಕು, ಅದಕ್ಕೆ ಯಾರೂ ಸಮಯ ಕೊಡರು. ಅವನು ಅಂದೇ ಒಂದು ಪೊರಕೆಯನ್ನು ಬರೆದ. ಆ್ಯಪ್ ತೆರೆದಾಗಲೆಲ್ಲ ಅದು ಡೇಟಾಬೇಸ್‌ನ ಮೂಲೆಮೂಲೆ ತಡಕಿ, ಗಂಟೆಯಿಲ್ಲದ ಗುರುತು ಸಿಕ್ಕಿದರೆ ಸದ್ದಿಲ್ಲದೆ ಗುಡಿಸಿಹಾಕುತ್ತಿತ್ತು. ಗೀಟು ಮಾಯವಾಯಿತು. ಮುಖ್ಯಸ್ಥ ಎಲ್ಲರೆದುರು ಅವನ ಬೆನ್ನು ತಟ್ಟಿದ. ಕಡ್ಡಿ ಮಾತ್ರ ಅಂದಿದ್ದಳು:

“ಕಸ ಗುಡಿಸಿದ್ರಿ ಸರಿ. ಅದು ಕಸಾನೇ ಅಂತ ಯಾರು ಹೇಳಿದ್ರು?”

“ಅರ್ಧ ಇರೋದು ಕಸ ಅಲ್ಲದೆ ಇನ್ನೇನಮ್ಮ?” ಎಂದು ಅವನು ಮೂಗು ಮುರಿದಿದ್ದ.

*

ಮನೆಯಲ್ಲಿ ತಾಯಿ ಮಲಗಿದ್ದಳು. ಎದೆಯ ಬಡಿತ ಹದ್ದು ಮೀರಿ ಓಡುವ ಕಾಯಿಲೆ. ಅದನ್ನು ಲಗಾಮು ಹಿಡಿದು ನಿಧಾನಕ್ಕೆ ತರುವ ಪುಟ್ಟ ಬಿಳಿಯ ಮಾತ್ರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಬೆಳಗಿನದು ಮಗನದು. ಮಧ್ಯಾಹ್ನದ್ದು ಮಗಳದು, ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ, ಊಟದ ಬಿಡುವಿನಲ್ಲಿ ಬಂದು ತಾಯಿಗೆ ಉಣಿಸಿ, ಮಾತ್ರೆ ನುಂಗಿಸಿ ಹೋಗುತ್ತಿದ್ದಳು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಮೂರು ವಸ್ತುಗಳು ಕಾಯಂ: ಮಾತ್ರೆಯ ಡಬ್ಬಿ, ಸ್ಟೀಲಿನ ಲೋಟ, ಅವನ ಆ್ಯಪ್ ಇದ್ದ ಒಂದು ಹಳೆಯ ಫೋನು. ಅಣ್ಣತಂಗಿ ಇಬ್ಬರೂ ಗುರುತು ಹಾಕುತ್ತಿದ್ದದ್ದು ಅದೇ ಫೋನಿನಲ್ಲಿ. ತಾನು ಕೈಯಾರೆ ಬರೆದದ್ದು ತಾಯಿಯ ತಲೆದಿಂಬಿನ ಬಳಿ ಕಾವಲಿದೆ ಎಂಬ ಹೆಮ್ಮೆ ಅವನಿಗಿತ್ತು.

ತಾಯಿಯ ಶುಚಿ ಮಗನೊಬ್ಬನಿಗೇ ಬಂದಿರಲಿಲ್ಲ. ಮಗಳಿಗೂ ಬಂದಿತ್ತು, ಬೇರೆ ರೂಪದಲ್ಲಿ. ಅವಳು ಕೋಣೆ ಬಿಡುವಾಗ ದೀಪ ಆರಿಸಿಯೇ ಬಿಡುವಳು, ನಲ್ಲಿಯನ್ನು ತಿರುಗಿಸಿದ ಮೇಲೆ ಇನ್ನೊಮ್ಮೆ ತಿರುಗಿಸುವಳು, ಫೋನಿನಲ್ಲಿ ಗುಂಡಿ ಒತ್ತಿದ ಮರುಕ್ಷಣವೇ ಆ್ಯಪ್ ಅನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಪರದೆಯಿಂದಾಚೆ ಎಸೆಯುವಳು. “ತೆರೆದದ್ದನ್ನ ಮುಚ್ಚಬೇಕು, ಅಮ್ಮ ಕಲಿಸಿದ್ದು” ಎನ್ನುವಳು. ಇನ್ನು ತಾಯಿಯ ಅಭ್ಯಾಸ: ನೀರು ಕುಡಿದು ಮುಗಿಸಿದ ಲೋಟವನ್ನು ಬೋರಲು ಹಾಕಿಡುವುದು. ನೊಣ ಕೂರಬಾರದು, ಧೂಳು ಬೀಳಬಾರದು. ನೆನಪು ಅಲ್ಲಲ್ಲಿ ತೂತುಬಿದ್ದ ಮೇಲೂ, ಕೈ ಅದನ್ನು ಮರೆತಿರಲಿಲ್ಲ.

ಆ ದಿನ ಸಂಜೆ ಅವನು ಕಚೇರಿಯಿಂದ ಬಂದು ಫೋನನ್ನು ತೆರೆದಾಗ ಮಧ್ಯಾಹ್ನದ ಸಾಲು ಕೆಂಪಗಿತ್ತು: ‘ಇನ್ನೂ ಕೊಟ್ಟಿಲ್ಲ.’ ತಂಗಿಗೆ ಕರೆ ಮಾಡಿದ.

“ಕೊಟ್ಟೆ ಕಣಣ್ಣ.”

“ಗುರುತು ಇಲ್ಲ.”

“ಹಾಕಿದೀನಿ.”

“ಇಲ್ಲಿ ಇಲ್ಲವಲ್ಲ!”

“ಇಲ್ಲದಿದ್ರೆ ನಾನೇನು ಮಾಡ್ಲಿ? ಅಮ್ಮನ್ನ ಕೇಳು.”

ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಆಗಲೇ ನುಂಗಿಸಿದಳಲ್ಲೋ,” ಎಂದಳು. “ಕಹಿ ಇನ್ನೂ ಗಂಟಲಲ್ಲೇ ಇದೆ.”

ಆದರೆ ಆ ತಾಯಿ, ಎಂದೋ ಸತ್ತುಹೋದ ತನ್ನ ಅಕ್ಕನಿಗೆ ಹಾಸಿಗೆ ಹಾಸು ಎಂದು ಅಂದು ಬೆಳಿಗ್ಗೆ ಹೇಳಿದ್ದಳು. ಆ ತಂಗಿ ವಾರದ ಹಿಂದೆ ಅಡುಗೆಮನೆಯ ಕಿಟಕಿ ಹಾಕಲು ಮರೆತಿದ್ದಳು, ಮರೆತಿಲ್ಲವೆಂದು ವಾದಿಸಿದ್ದಳು. ಪರದೆಗೆ ಅಂಥ ಚರಿತ್ರೆಯಿಲ್ಲ. ಅದಕ್ಕೆ ಅರಳುಮರಳೂ ಇಲ್ಲ, ಹಟವೂ ಇಲ್ಲ. ಮೇಜಿನ ಮೇಲೆ ಲೋಟ ಬೋರಲು ಇತ್ತು. ಅವನು ಅದನ್ನು ನೋಡಿದ. ನೋಡಿ, ಅದರ ಬಾಯಿಯ ಸುತ್ತ ಮೇಜಿನ ಮೇಲೆ ನಿಂತಿದ್ದ ನೀರಿನ ಬಳೆಯನ್ನು ಕಂಡು ಹೇಸಿ, ಬಟ್ಟೆಯಿಂದ ಒರೆಸಿ, ಲೋಟವನ್ನು ತೊಳೆದು, ನೀರು ತುಂಬಿ, ಇನ್ನೊಂದು ಮಾತ್ರೆಯನ್ನು ತಾಯಿಯ ಬಾಯಿಗಿಟ್ಟ. “ಬೇಡ ಕಣೋ ಮಗಾ” ಎಂದಳು ಆಕೆ. “ಆ್ಯಪ್ ಹೇಳ್ತಿದೆಯಮ್ಮಾ” ಎಂದ ಅವನು.

ಕತ್ತಲಾಗುವಷ್ಟರಲ್ಲಿ ತಾಯಿಯ ಕೈ ತಣ್ಣಗಾಯಿತು, ಬಾಯಿಯ ಸುತ್ತ ಬೂದಿಬಣ್ಣ ಇಳಿಯಿತು, ಕರೆದರೆ ಬಾವಿಯ ತಳದಿಂದೆಂಬಂತೆ ಓಗೊಟ್ಟಳು. ಆಸ್ಪತ್ರೆಯವರು ಉಳಿಸಿಕೊಟ್ಟರು. ವೈದ್ಯೆ ನಾಡಿ ಹಿಡಿದುಕೊಂಡೇ, “ಮಾತ್ರೆ ಎರಡು ಸಲ ಬಿದ್ದಿದೆ. ಮನೆಯಲ್ಲಿ ಒಬ್ಬರಿಗೊಬ್ಬರು ಮಾತಾಡಲ್ವಾ?” ಎಂದಳು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣತಂಗಿಯರ ನಡುವೆ ಏನು ನಡೆಯಿತೋ ಅದನ್ನು ಸುತ್ತಲಿದ್ದವರೆಲ್ಲ ಕೇಳಿದರು.

“ನಾನು ಕೊಟ್ಟೆ ಅಂತ ಬಾಯಿಬಿಟ್ಟು ಹೇಳಿದೆ. ನೀನು ನಂಬಲಿಲ್ಲ.”

“ಗುರುತು ಹಾಕದೆ ಹೋದವಳನ್ನ ಹೇಗೆ ನಂಬಲೇ?”

“ಹಾಕಿದೆ ಅಂತ ಎಷ್ಟು ಸಲ ಹೇಳ್ಬೇಕು?”

“ಮರೆತರೆ ಮರೆತೆ ಅನ್ನು, ತಪ್ಪಲ್ಲ. ಮರೆತು, ಮೇಲೆ ಸುಳ್ಳು ಹೇಳೋದಿದೆಯಲ್ಲ, ಅದು ನನಗೆ ಅಸಹ್ಯ.”

ತಂಗಿಯ ಕಣ್ಣಲ್ಲಿ ನೀರು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. “ನನ್ನ ಕೈಯಿಂದ ಅಮ್ಮನಿಗೆ ಮಾತ್ರೆ ಬೇಡ ಅಂತ ಹೇಳು, ಹೋಗ್ತೀನಿ. ಸುಳ್ಳಿ ಅನ್ನಬೇಡ” ಎಂದಳು. ಅವನು ಬೆನ್ನು ತಿರುಗಿಸಿ ತಾಯಿ ಮಲಗಿದ್ದಲ್ಲಿಗೆ ಹೋದ. ಅಂದಿನಿಂದ ಅವಳು ಮನೆಯ ಮೆಟ್ಟಿಲು ಹತ್ತಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವನೇ ಓಡಿಬಂದು ಮಾತ್ರೆ ಕೊಟ್ಟು ಓಡತೊಡಗಿದ. ತಾಯಿ ಪ್ರತಿದಿನವೂ ಬಾಗಿಲ ಕಡೆ ನೋಡಿ, “ಅವಳೆಲ್ಲಿ?” ಎನ್ನುತ್ತಿದ್ದಳು. ಇದೊಂದು ಪ್ರಶ್ನೆಯನ್ನು ಮಾತ್ರ ಆಕೆ ಮರೆಯುತ್ತಿರಲಿಲ್ಲ.

*

ಮನೆಯ ಉರಿ ಸಾಲದೆಂಬಂತೆ ಕಚೇರಿಯಲ್ಲಿ ಮುಖ್ಯಸ್ಥ ಗಡಿಬಿಡಿ ಎಬ್ಬಿಸಿದ್ದ. ವೃದ್ಧರ ಆರೈಕೆ ಮನೆಗಳ ದೊಡ್ಡ ಸಮೂಹವೊಂದು ಈ ಆ್ಯಪ್ ಅನ್ನು ತನ್ನ ದಾದಿಯರೆಲ್ಲರ ಕೈಗೆ ಕೊಡಲು ಒಪ್ಪಿತ್ತು. ಅದಕ್ಕೂ ಮೊದಲು ಬಳಕೆದಾರರ ದೂರುಗಳಲ್ಲಿ ಉಳಿದದ್ದನ್ನು ಬಗೆಹರಿಸಿ ತೋರಿಸಬೇಕಿತ್ತು. ಕಡ್ಡಿ ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಮೇಜಿಗೆ ಬಂದಳು.

“ಇವನ್ನ ಓದಿ,” ಎಂದಳು. “ಊಟಕ್ಕೆ ಮುಂಚೆ ಓದಿ. ಆಮೇಲಾದ್ರೆ ವಾಂತಿ ಆಗುತ್ತೆ.”

ಒಬ್ಬ ಮಗಳು ಬರೆದಿದ್ದಳು, ಅಪ್ಪನಿಗೆ ಮಾತ್ರೆ ಕೊಟ್ಟು ಗುಂಡಿ ಒತ್ತಿದೆ, ಅತ್ತಿಗೆ ಬಂದು ನೋಡಿದಾಗ ಗುರುತಿಲ್ಲ. ಒಬ್ಬ ಗಂಡ ಬರೆದಿದ್ದ, ಹೆಂಡತಿಗೆ ನಾನೇ ಕೈಯಾರೆ ಕೊಟ್ಟದ್ದನ್ನು ನಿಮ್ಮ ಆ್ಯಪ್ ಕೊಟ್ಟಿಲ್ಲ ಅನ್ನುತ್ತದೆ. ಮನೆಗೆಲಸದ ದಾದಿಯೊಬ್ಬಳು ಬರೆದಿದ್ದಳು, ಗುರುತು ಹಾಕದವಳೆಂದು ನನ್ನನ್ನು ಕೆಲಸದಿಂದ ಬಿಡಿಸಿದರು, ದೇವರಾಣೆ ಹಾಕಿದ್ದೆ. ಎಲ್ಲರಿಗೂ ಸಂಸ್ಥೆಯಿಂದ ಹೋಗಿದ್ದ ಉತ್ತರ ಒಂದೇ, ಅಚ್ಚಿನಲ್ಲಿ ಎರಕ ಹೊಯ್ದದ್ದು: ‘ನಿಮ್ಮ ಕಾಳಜಿಗೆ ಧನ್ಯವಾದಗಳು. ದಯವಿಟ್ಟು ಮಾತ್ರೆ ಕೊಟ್ಟ ನಂತರ ಗುರುತು ಹಾಕಲು ಮರೆಯದಿರಿ.’ ಅದರ ಕೊನೆಗೊಂದು ನಗುವ ಮುಖದ ಚಿತ್ರ.

ಆ ನಗುವ ಮುಖ ಅವನಿಗೆ ಸಗಣಿಯ ಮೇಲೆ ಇಟ್ಟ ಹೂವಿನಂತೆ ಕಂಡಿತು. ಆದರೆ ಅದಕ್ಕಿಂತ ಕೆಟ್ಟದ್ದೊಂದು ನೆನಪಾಯಿತು. ಇದೇ ಮಾತನ್ನು, ನಗುಮುಖವಿಲ್ಲದೆ, ಅವನು ಆಸ್ಪತ್ರೆಯ ಮೊಗಸಾಲೆಯಲ್ಲಿ ಆಡಿದ್ದ.

“ಇಷ್ಟು ಜನ ಒಟ್ಟಿಗೆ ಮರೀತಾರಾ?” ಎಂದಳು ಕಡ್ಡಿ. “ಎಲ್ಲರದ್ದೂ ಹಳೆ ಫೋನು. ನಿಧಾನದ್ದು.”

“ಒಂದು ಹಳೆ ಫೋನು ಕೊಡು.”

ಅವಳು ಸಿದ್ಧಳಾಗಿಯೇ ಬಂದಿದ್ದಳು. ಅವನು ಗುಂಡಿ ಒತ್ತಿದ, ಹಸಿರು ಬಿತ್ತು. ಆ್ಯಪ್ ಅನ್ನು ಹಾಗೇ ಬಿಟ್ಟ, ಮತ್ತೆ ತೆರೆದ, ಹಸಿರು ಇತ್ತು. ಹಲವು ಸಲ ಹಾಗೇ ಮಾಡಿದ, ಹಸಿರು ಅಲ್ಲಾಡಲಿಲ್ಲ. ಮನಸ್ಸು ಕ್ಷಣಕಾಲ ಹಗುರಾಯಿತು, ಆ ಹಗುರವನ್ನು ನೆನೆದರೆ ಆಮೇಲೆ ಅವನಿಗೆ ನಾಚಿಕೆಯಾಗುತ್ತಿತ್ತು. ಜಗತ್ತಿನ ಎಲ್ಲ ಮಗಳಂದಿರೂ ದಾದಿಯರೂ ಸುಳ್ಳು ಹೇಳುತ್ತಿರಲಿ, ತಾನೊಬ್ಬ ಸರಿಯಿದ್ದರಾಯಿತು ಎಂಬಂಥ ಹಗುರ ಅದು.

“ನೀವು ಗಂಡಸರು ಮುಚ್ಚೋದೇ ಇಲ್ಲ,” ಎಂದಳು ಕಡ್ಡಿ. “ನಮ್ಮತ್ತೆ ನೋಡಿ, ಒತ್ತಿದ ತಕ್ಷಣ ಎಸೀತಾರೆ. ಹೀಗೆ.”

ಅವಳು ಗುಂಡಿ ಒತ್ತಿ, ಮರುಕ್ಷಣವೇ ಬೆರಳನ್ನು ಮೇಲಕ್ಕೆಳೆದು ಆ್ಯಪ್ ಅನ್ನು ಪರದೆಯಿಂದಾಚೆ ತಳ್ಳಿದಳು. ಆ ಬೆರಳಿನ ಬೀಸು ಅವನಿಗೆ ಗೊತ್ತಿತ್ತು. ತಾಯಿಯ ಹಾಸಿಗೆಯ ಪಕ್ಕದಲ್ಲಿ ಬಾಗಿ ನಿಂತ, ಕನ್ನಡಕದ ಗಾಜು ಒರೆಸಿ ಒರೆಸಿ ತುದಿ ನುಣುಪಾದ ಬೆರಳಿನ ಬೀಸು. ಕಡ್ಡಿ ಆ್ಯಪ್ ಅನ್ನು ಮತ್ತೆ ತೆರೆದಳು. ಸಾಲು ಕೆಂಪಗಿತ್ತು. ‘ಇನ್ನೂ ಕೊಟ್ಟಿಲ್ಲ.’

ಅವನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಗುರುತು ಬರೆದು ಬಾಗಿಲು ಮುಚ್ಚಿತ್ತು. ಅದು ಎರಡನೆಯ ಸಲ ತೆರೆಯುವ ಮುನ್ನ, ಆ ಕೂದಲೆಳೆಯ ಸಂದಿನಲ್ಲಿ, ಬೆರಳು ಆ್ಯಪ್‌ನ ಉಸಿರು ನಿಲ್ಲಿಸಿತ್ತು. ಹಳೆಯ ಫೋನಿನಲ್ಲಿ ಕೂದಲೆಳೆ ಹಗ್ಗದಷ್ಟು ದಪ್ಪ. ಆದರೂ ಗುರುತು ಉಳಿದಿತ್ತು, ಒಂಟಿಯಾಗಿ, ಪಕ್ಕದಲ್ಲೊಂದು ಗೀಟಿನೊಂದಿಗೆ. ‘ಕೊಟ್ಟಿದ್ದೇನೆ’ ಎಂದು ತಂಗಿ ಆಡಿದ ಸತ್ಯ ಅಲ್ಲಿ ಕುಂಟುತ್ತಲಾದರೂ ನಿಂತಿತ್ತು. ಮತ್ತೆ ಆ್ಯಪ್ ತೆರೆದವನು ಯಾರು? ಅವನೇ. ತೆರೆದೊಡನೆ ಎದ್ದ ಪೊರಕೆ ಯಾರದು? ಅವನದೇ. ಅವನ ಬೆರಳೇ ಬಾಗಿಲು ತೆರೆದು, ಅವನ ಪೊರಕೆಯೇ ತಂಗಿಯ ಮಾತನ್ನು ಗುಡಿಸಿ ಹೊರಗೆ ಚೆಲ್ಲಿ, ಅವನ ಕಣ್ಣೇ ಬರಿದಾದ ಜಾಗ ನೋಡಿ ಅವಳನ್ನು ಸುಳ್ಳಿ ಎಂದಿತ್ತು. ಗೀಟು ಇದ್ದಿದ್ದರೆ? ಆ ಅಸಹ್ಯವಾದ, ಅರೆಬರೆಯ, ಕೂದಲಿನಂಥ ಗೀಟು ಇದ್ದಿದ್ದರೆ ಅವನು ಎರಡನೆಯ ಮಾತ್ರೆ ಕೊಡುತ್ತಿರಲಿಲ್ಲ.

ಅವನು ಎದ್ದು ಕೈ ತೊಳೆಯುವಲ್ಲಿಗೆ ಹೋದ. ನೀರು ಬಿಟ್ಟ. ಸೋಪು ಉಜ್ಜಿದ. ಕನ್ನಡಿಯಲ್ಲಿ ಮೂಗು ಕಂಡಿತು, ಮುಖದ ನಡುವೆ ಪಾಳೆಯಗಾರನ ಹಾಗೆ ಕೂತಿದ್ದ ಮೂಗು. ಪರರ ಕೊಳೆಗೆ ಬರುವ ವಾಕರಿಕೆಗೆ ಒಂದು ಸುಖವಿದೆ, ಅದು ನಮ್ಮನ್ನು ಎತ್ತರದಲ್ಲಿ ಕೂರಿಸುತ್ತದೆ. ತನ್ನದೇ ಕೊಳೆಗೆ ಬಂದದ್ದರಲ್ಲಿ ಆ ಸುಖವಿರಲಿಲ್ಲ. ಕೈಯನ್ನು ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ, ಏಕೆಂದರೆ ಅದು ಸೋಪಿನದೇ ವಾಸನೆ.

*

“ಬಾಗಿಲು ಒಬ್ಬರೇ ತೆರೆಯಬೇಕು,” ಎಂದು ಅವನು ಮುಖ್ಯಸ್ಥನ ಕೋಣೆಯಲ್ಲಿ ವಿವರಿಸಿದ. ಕಡ್ಡಿ ಗೋಡೆಗೊರಗಿ ನಿಂತಿದ್ದಳು. “ಕೆಲಸ ಹೇಳುವವನು ಒಮ್ಮೆ ತೆರೆದು, ಕೀಲಿಕೈಯನ್ನ ಒಳಗಿನವರ ಕೈಗೆ ದಾಟಿಸ್ತಾ ಹೋಗಬೇಕು. ಗುರುತು ಹಾಕೋ ಫಂಕ್ಷನ್ ಆಗಲಿ, ಗಂಟೆ ಇಡೋ ಫಂಕ್ಷನ್ ಆಗಲಿ, ತಾವಾಗಿ ಬಾಗಿಲು ಮುಟ್ಟೋ ಹಾಗಿಲ್ಲ. ಕೊಟ್ಟ ಕೀಲಿಕೈ ಹಿಡಿದು ಬರೆದು, ಮುಂದಿನವರಿಗೆ ಕೊಟ್ಟು ಸುಮ್ಮನಿರಬೇಕು. ಆಗ ಎರಡೂ ಒಟ್ಟಿಗೆ ನಿಲ್ಲುತ್ತೆ, ಇಲ್ಲ ಎರಡೂ ಒಟ್ಟಿಗೆ ಹೋಗುತ್ತೆ. ಹಸಿರು ಬಣ್ಣ ಕೂಡ ಎರಡೂ ನಿಂತ ಮೇಲೇ ಕಾಣಬೇಕು. ಪೊರಕೆ ತೆಗೆದುಹಾಕ್ತೀನಿ.”

ಮುಖ್ಯಸ್ಥ ಕೆಟ್ಟವನಲ್ಲ. ಸದಾ ಪುದೀನದ ಮಿಠಾಯಿ ಚೀಪುತ್ತಿದ್ದ, ಎಲ್ಲರ ಹುಟ್ಟಿದ ದಿನವೂ ನೆನಪಿಟ್ಟುಕೊಳ್ಳುತ್ತಿದ್ದ ಮನುಷ್ಯ. ಮಿಠಾಯಿಯನ್ನು ಕೆನ್ನೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿದ.

“ಮಾಡ್ರೀ. ಬೇಗ ಮಾಡಿ. ಸದ್ದು ಮಾಡದೆ ಮಾಡಿ.”

“ಬಳಕೆದಾರರಿಗೆ ಹೇಳಬೇಕಲ್ಲ ಸಾರ್.”

“ಏನಂತ?”

“ನೀವು ಮರೆತಿರಲಿಲ್ಲ, ಅಳಿಸಿದ್ದು ನಾವು ಅಂತ.”

ಮುಖ್ಯಸ್ಥ ನಕ್ಕ. “ರೀ, ಮನುಷ್ಯ ಅಂದಮೇಲೆ ಮರೆವು ಇದ್ದೇ ಇರುತ್ತೆ. ಅದರ ಬೆನ್ನಿನ ಮೇಲೆ ಇನ್ನೊಂದು ಮೂಟೆ ಹಾಕಿದ್ರೆ ಅದೇನು ಬೇಡ ಅನ್ನುತ್ತಾ? ಈಗ ಸರಿಮಾಡಿದ್ರಾಯ್ತು. ಮುಗಿದದ್ದನ್ನ ಕೆದಕಿದ್ರೆ ನಾತ.”

ನಾತ. ಆ ಪದವನ್ನು ಆಡಿದ ಬಾಯಿಯಿಂದ ಪುದೀನದ ಪರಿಮಳ ಬರುತ್ತಿತ್ತು. ಅವನಿಗೆ ಅಲ್ಲಿ ಒಂದು ಕ್ಷಣವೂ ನಿಲ್ಲಲಾಗಲಿಲ್ಲ. ಮುಖ್ಯಸ್ಥನ ಮೇಲಿನ ಹೇಸಿಗೆಯಿಂದಲ್ಲ, ಆ ಮಾತು ತನ್ನ ಪೊರಕೆಯ ಮಾತೇ ಆಗಿದ್ದರಿಂದ.

ಅವನು ಕೆಲಸಕ್ಕೆ ಕೂತ. ಹಳೆಯ ಕೋಡನ್ನು ಮೂಗು ಮುಚ್ಚಿಕೊಳ್ಳದೆ ಓದುವುದು ಅದೇ ಮೊದಲು. ಎಲ್ಲೆಲ್ಲಿ ಯಾರು ತಾವಾಗಿ ಬಾಗಿಲು ತೆರೆಯುತ್ತಾರೆಂದು ಹುಡುಕಿ, ಒಂದೊಂದರ ಕೈಯಿಂದಲೂ ಆ ಹಕ್ಕನ್ನು ಕಿತ್ತು, ಬದಲಿಗೆ ಕೀಲಿಕೈ ಪಡೆಯುವ ಸ್ಥಾನವನ್ನು ಹೊಲಿದುಕೊಟ್ಟ. ಒಂದು ಎಳೆ ಎಳೆದರೆ ಹತ್ತು ಬಿಚ್ಚಿಕೊಳ್ಳುತ್ತಿತ್ತು. ಕೆಲವು ಸಾಲುಗಳನ್ನು ಬರೆದವರು ಅವಸರದಲ್ಲಿದ್ದರು, ಕೆಲವರಿಗೆ ತಿಳಿದಿರಲಿಲ್ಲ, ಕೆಲವರು ದಣಿದಿದ್ದರು. ಯಾರೂ ಕೊಳಕರಾಗಿರಲಿಲ್ಲ. ಇಡೀ ಕೋಡಿನಲ್ಲಿ ಅಚ್ಚುಕಟ್ಟಾಗಿ, ಅಂಚು ಮಡಿಸಿ, ಹೊಳೆಯುವಂತೆ ಬರೆದದ್ದು ಒಂದೇ: ಅವನ ಪೊರಕೆ. ಅದನ್ನು ಅಳಿಸುವಾಗ ಅವನ ಕೈ ಒಂದಿಷ್ಟು ತಡೆಯಿತು. ಅಷ್ಟು ಚೆಂದವಾಗಿತ್ತು ಅದು.

ಕೆಲಸ ಮುಗಿದಾಗ ಅವನು ಅದರ ಜೊತೆಗೇ ಒಂದು ಸೂಚನೆಯನ್ನೂ ಸೇರಿಸಿದ. ಹೊಸ ಆವೃತ್ತಿ ಯಾರ ಫೋನಿನಲ್ಲಿ ತೆರೆದರೂ ಮೊದಲು ಕಾಣುವಂತೆ ಇಟ್ಟ: ‘ನೀವು ಹಾಕಿದ ಗುರುತುಗಳು ಕೆಲವೊಮ್ಮೆ ಕಾಣೆಯಾಗಿವೆ. ನೀವು ಮರೆತಿರಲಿಲ್ಲ. ಅಳಿಸಿದ್ದು ನಮ್ಮ ಆ್ಯಪ್. ನಿಮ್ಮ ಮನೆಯಲ್ಲಿ ಇದಕ್ಕಾಗಿ ಯಾರನ್ನಾದರೂ ದೂಷಿಸಿದ್ದರೆ, ದಯವಿಟ್ಟು ಇದನ್ನು ಅವರಿಗೆ ತೋರಿಸಿ.’

ಮುಖ್ಯಸ್ಥನ ಮಿಠಾಯಿ ಬಾಯಲ್ಲೇ ನಿಂತಿತು. “ಈ ಸೂಚನೆ ತೆಗೀರಿ. ಮಿಕ್ಕದ್ದು ಹೋಗಲಿ.”

“ಹೋಗಲ್ಲ,” ಎಂದಳು ಕಡ್ಡಿ. “ನಾನು ಪರೀಕ್ಷೆ ಮಾಡಿ ಸಹಿ ಹಾಕಿರೋದು ಎರಡೂ ಸೇರಿದ್ದಕ್ಕೆ. ಒಂದನ್ನ ತೆಗೆದ್ರೆ ಸಹಿ ಇಲ್ಲ. ಸಹಿ ಇಲ್ಲದೆ ಆರೈಕೆ ಮನೆಯವರು ತಗೊಳ್ಳಲ್ಲ.”

“ಏನ್ರೀ ಇದು, ಇಬ್ಬರೂ ಸೇರಿ ಕುತ್ತಿಗೆ ಹಿಡೀತೀರಾ?”

“ಎರಡೂ ಒಟ್ಟಿಗೆ ಸಾರ್,” ಎಂದ ಅವನು. “ಇಲ್ಲ ಎರಡೂ ಇಲ್ಲ.”

ಮುಖ್ಯಸ್ಥ ಕಿಟಕಿಯಾಚೆ ನೋಡಿದ. ಹೊರಗೆ ಯಾರೋ ಬೈಸಿಕಲ್ಲಿನ ಸರಪಣಿಯನ್ನು ಸಿಕ್ಕಿಸಲು ಹೆಣಗುತ್ತಿದ್ದರು. ಅವನು ಆರೈಕೆ ಮನೆಗಳನ್ನೂ, ಆ ಸೂಚನೆಯನ್ನೂ, ತನ್ನ ಎದುರಿನ ಎರಡು ಹಟಮಾರಿ ಮುಖಗಳನ್ನೂ ಮನಸ್ಸಿನಲ್ಲಿ ತೂಗಿರಬೇಕು. “ಹಾಳಾಗಿ ಹೋಗಲಿ, ಕಳಿಸಿ” ಎಂದು ಮಿಠಾಯಿಯನ್ನು ಕಾಗದಕ್ಕೆ ಉಗುಳಿ, ಉಂಡೆಮಾಡಿ ಬುಟ್ಟಿಗೆ ಎಸೆದ. ಅದು ಬುಟ್ಟಿಯ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

*

ಅವನು ತಂಗಿಗೆ ತಾನಾಗಿ ಕರೆ ಮಾಡಿ ಹೇಳಬೇಕಿತ್ತು. ಮಾಡಲಿಲ್ಲ. ಸೂಚನೆ ಹೇಗೋ ಯಾರಿಂದಲೋ ಅವಳ ಕಣ್ಣಿಗೆ ಬಿದ್ದೀತು ಎಂದು ಕಾದ. ಸಂಸ್ಥೆಯ ಬೆನ್ನ ಹಿಂದೆ ನಿಂತು ಕ್ಷಮೆ ಕೇಳುವುದು ಸುಲಭ. ಅವಳ ಅಂಗಡಿಗೆ ಬರುವ ಗಿರಾಕಿಯೊಬ್ಬಳು ತನ್ನ ಫೋನಿನಲ್ಲಿ ಅದನ್ನು ತೋರಿಸಿದಳಂತೆ. ಮರುದಿನ ಮಧ್ಯಾಹ್ನ, ಅವನು ತಾಯಿಯ ತಟ್ಟೆಯನ್ನು ತೊಳೆಯುತ್ತಿದ್ದಾಗ, ಹೊಸ್ತಿಲ ಮೇಲೆ ಅವಳ ನೆರಳು ಬಿತ್ತು.

“ಅದನ್ನ ಬರೆದದ್ದು ನೀನೇ ತಾನೆ?”

“ಹೇಗೆ ಗೊತ್ತಾಯ್ತು?”

“ಇಸ್ತ್ರಿ ಹಾಕಿದ ಹಾಗಿತ್ತು.” ಅವಳು ಒಳಗೆ ಬರಲಿಲ್ಲ. “‘ಅಳಿಸಿದ್ದು ನಮ್ಮ ಆ್ಯಪ್’ ಅಂತ ಇದೆ. ಆ್ಯಪ್‌ಗೆ ಕೈ ಇರುತ್ತೇನಣ್ಣ?”

“ಇಲ್ಲ.”

“ಮತ್ತೆ?”

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ತಿರುಗಿಸಲಿಲ್ಲ.

“ಅಳಿಸಿದ್ದು ನಾನು. ಅರ್ಧಂಬರ್ಧ ಇರೋದೆಲ್ಲ ಕಸ ಅಂದ್ಕೊಂಡು ಗುಡಿಸೋ ಹಾಗೆ ಬರೆದಿದ್ದೆ. ನೀನು ಗುರುತು ಹಾಕಿದ್ದೆ. ಅದು ಇತ್ತು. ನಾನು ತೆರೆದ ಮೇಲೆ ಹೋಯ್ತು.”

“ಅಮ್ಮ ಹೇಳಿರಲಿಲ್ವಾ, ನುಂಗಿದೀನಿ ಅಂತ?”

“ಹೇಳಿದ್ದಳು.”

“ಲೋಟ?”

ಅವನಿಗೆ ಆ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಬರದಿರಲಿ ಎಂದು ಹಾರೈಸಿದ್ದ.

“ಬೋರಲಿತ್ತು. ಸುತ್ತ ನೀರಿತ್ತು. ಒರೆಸಿದೆ.”

ತಂಗಿಯ ಮೇಲ್ದುಟಿ ಎಡಕ್ಕೆ ಸೊಟ್ಟಗಾಯಿತು. ಹೊಳ್ಳೆಗಳು ಅರಳಿದವು. ತನ್ನ ಮುಖವನ್ನು ಅವನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಅದನ್ನು ಎದುರಿಸಿ ನಿಲ್ಲುವವರ ಪಾಡು ಏನೆಂದು ಆಗ ತಿಳಿಯಿತು.

“ಹೇಸಿಗೆ ಆಗುತ್ತಣ್ಣ,” ಎಂದಳು ಅವಳು, ದನಿಯೇರಿಸದೆ. “ನಿನ್ನ ಕೊಳೆಗಲ್ಲ. ನಿನ್ನ ಶುಚಿಗೆ.”

ಒಳಗಿನಿಂದ ತಾಯಿಯ ದನಿ ಬಂತು: “ಯಾರೋ ಅದು? ಅವಳೇನೋ? ಹೊರಗೇ ಯಾಕೆ ನಿಲ್ಲಿಸಿದ್ದೀಯೋ, ಅವಳೇನು ಒದ್ದೆ ಬಟ್ಟೇನಾ?”

ತಂಗಿ ಅವನನ್ನು ದಾಟಿ ಒಳಗೆ ಹೋದಳು. ತಾಯಿ ಅವಳ ಮಣಿಕಟ್ಟನ್ನು ಹಿಡಿದು ಮೂಸಿ, “ಊಟ ಮಾಡಿಲ್ಲ ನೀನು” ಎಂದು ತೀರ್ಪು ಕೊಟ್ಟಳು. ತಂಗಿ ಡಬ್ಬಿಯಿಂದ ಮಾತ್ರೆ ತೆಗೆದಳು. ತಾಯಿ ನುಂಗಿ, ಮುಖ ಕಿವುಚಿ, ನೀರು ಕುಡಿದು, ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಸುತ್ತ ನೀರಿನ ಬಳೆಯೊಂದು ಮೂಡಿತು.

ಅವನು ಫೋನನ್ನು ಎತ್ತಿ ತಂಗಿಯ ಕಡೆ ಚಾಚಿದ. ಅವಳು ಕೈ ನೀಡಲಿಲ್ಲ.

“ನೀನೇ ಒತ್ತು. ಒತ್ತಿ, ನಾನು ಎಸೆಯೋ ಹಾಗೆ ಎಸಿ. ನೋಡ್ತೀನಿ.”

ಅವನು ಒತ್ತಿದ, ಎಸೆದ, ಮತ್ತೆ ತೆರೆದ. ಹಸಿರು ಇತ್ತು. ಅದರ ಪಕ್ಕದಲ್ಲಿ ಮರುದಿನ ಬೆಳಗಿನ ಹೊತ್ತು ಇತ್ತು. ಅವಳು ಅದನ್ನು ಒಂದು ಚಣ ನೋಡಿ, ಚೀಲವನ್ನು ಹೆಗಲಿಗೇರಿಸಿದಳು.

“ನಾಳೆ ಬರ್ತೀಯಾ?”

“ಅಮ್ಮನಿಗೆ ಬರ್ತೀನಿ.” ಬಾಗಿಲಲ್ಲಿ ತಿರುಗಿದಳು. “ಆ ದಾದಿ ಇದ್ದಾಳಲ್ಲ, ಕೆಲಸ ಕಳ್ಕೊಂಡವಳು. ನಿನ್ನೆ ಸೂಚನೆ ನೋಡಿ ನಿನ್ನ ಕಚೇರಿಗೆ ಫೋನ್ ಮಾಡಿದ್ದೆ, ಕಡ್ಡಿ ಅನ್ನೋ ನಿನ್ನ ಸಹೋದ್ಯೋಗಿ ಹೇಳಿದಳು. ಸೂಚನೆ ಅವಳ ಫೋನಿಗೆ ಹೋಗಲ್ಲ, ಅವಳ ಹತ್ರ ಈಗ ಆ್ಯಪ್ ಎಲ್ಲಿರುತ್ತೆ? ಅವಳನ್ನ ಬಿಡಿಸಿದ ಮನೆಗೆ ನೀನೇ ಹೋಗಿ ಹೇಳು. ಬಾಯಿಂದ.”

“ಹೋಗ್ತೀನಿ.”

“ಹೋಗಿ ಬಂದಮೇಲೆ ನಂಗೆ ಹೇಳು. ಆಗ ನೋಡೋಣ.”

ಅವಳು ಮೆಟ್ಟಿಲಿಳಿದ ಸದ್ದು ಬೀದಿಯ ಸದ್ದಿನಲ್ಲಿ ಕರಗಿತು. ತಾಯಿ ಕಣ್ಣು ಮುಚ್ಚಿದ್ದಳು. ಅವನ ಕೈ ತನಗೆ ತಾನೇ ಬಟ್ಟೆಯನ್ನು ಎತ್ತಿಕೊಂಡು ಮೇಜಿನವರೆಗೂ ಹೋಗಿತ್ತು. ಲೋಟದ ಸುತ್ತ ನೀರಿನ ಬಳೆ ಕಿಟಕಿಯ ಬೆಳಕನ್ನು ಹಿಡಿದು ನಡುಗುತ್ತಿತ್ತು. ಮೂಗು ಅರಳಿತು, ಮೇಲ್ದುಟಿ ತನ್ನ ಹಳೆಯ ಜಾಗಕ್ಕೆ ಸರಿಯತೊಡಗಿತು. ಅವನು ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ಚಪ್ಪಲಿ ಮೆಟ್ಟಿ, ಆ ದಾದಿಯನ್ನು ಬಿಡಿಸಿದ ಮನೆಯ ವಿಳಾಸ ಕೇಳಲು ಕಡ್ಡಿಗೆ ಫೋನು ಮಾಡಿದ.